ಮುಗಿಯದ ಕಾಲುಚೀಲ

ಎಂ.ಎ. ಓದುತ್ತಿದ್ದಾಗ ವರ್ಜೀನಿಯಾ ವುಲ್ಫ್‌ಳ ‘ಟು ದ ಲೈಟ್‌ಹೌಸ್’ ನಮಗೆ ಪಠ್ಯವಾಗಿತ್ತು. ಪರೀಕ್ಷೆಯಲ್ಲಿ ನಾನು ಮಿಸೆಸ್ ರಾಮ್ಸೆಯ ಕೈಯಲ್ಲಿರುವ ಕಾಲುಚೀಲದ ಬಗ್ಗೆ ಎರಡು ಪುಟ ಬರೆದಿದ್ದೆ. ಗಂಡನ ಸಿಡುಕು, ಎಂಟು ಮಕ್ಕಳು, ಮನೆ ತುಂಬ ಅತಿಥಿಗಳು, ಇವರೆಲ್ಲರ ನಡುವೆ ಹೆಣೆಯುತ್ತಲೇ ಇರುವ ಆ ಹೆಂಗಸಿಗೆ ಕಾಲುಚೀಲವೇ ಸಂಕೋಲೆ ಎಂಬುದು ನನ್ನ ವಾದ. ಒಳ್ಳೆಯ ಅಂಕವೂ ಬಂತು. ರಜೆಯಲ್ಲಿ ಊರಿಗೆ ಹೋದಾಗ ಇದನ್ನೆಲ್ಲ ಅಮ್ಮನಿಗೆ ಹೆಮ್ಮೆಯಿಂದ ಹೇಳಿದೆ. ಅಮ್ಮ ಆಗ ತಮ್ಮನ ಸ್ವೆಟರಿನ ತೋಳು ಹೆಣೆಯುತ್ತ ಕೂತಿದ್ದಳು. ಪೂರ್ತಿ ಕೇಳಿಸಿಕೊಂಡು, ಕಡ್ಡಿಯಿಂದ ಕಣ್ಣು ತೆಗೆಯದೆ ಒಂದೇ ಪ್ರಶ್ನೆ ಕೇಳಿದಳು: “ಅದು ಮುಗೀಲಿಲ್ಲ ಅಂದ್ಯಲ್ಲ, ಯಾಕಂತೆ? ಅಳತೆ ನೋಡೋವಾಗ ಹುಡುಗ ನೆಟ್ಟಗೆ ನಿಲ್ಲಲಿಲ್ವೇನೇ?”

ನಾನು ನಕ್ಕುಬಿಟ್ಟೆ. ಸಾಹಿತ್ಯದ ಮಾತಿಗೆ ಅಡುಗೆಮನೆಯ ಉತ್ತರ ಅನ್ನಿಸಿತ್ತು. ಈಗ ಅದೇ ಕಾದಂಬರಿಯನ್ನು ನಾನೇ ತರಗತಿಯಲ್ಲಿ ಪಾಠ ಮಾಡುತ್ತೇನೆ. ಮಗಳು ಹುಟ್ಟಿದ ಮೇಲೆ ಅಮ್ಮನ ಹತ್ತಿರವೇ ಕಡ್ಡಿ ಹಿಡಿಯುವುದನ್ನೂ ಕಲಿತೆ. ವರ್ಷ ಕಳೆದಂತೆ ನನ್ನ ಆ ಎರಡು ಪುಟಗಳಿಗಿಂತ ಅಮ್ಮನ ಪ್ರಶ್ನೆಯೇ ಕಾದಂಬರಿಯ ಒಳಗೆ ಹೆಚ್ಚು ದೂರ ಹೋಗಿತ್ತು ಅನ್ನಿಸತೊಡಗಿದೆ. ಯಾಕೆಂದು ಹೇಳಲು ಈ ಬರಹ.

1927ರಲ್ಲಿ ಹೊಗಾರ್ತ್ ಪ್ರೆಸ್ ಪ್ರಕಟಿಸಿದ ಈ ಕಾದಂಬರಿಯಲ್ಲಿ ಘಟನೆಗಳು ಬಹಳ ಕಡಿಮೆ. ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳಲ್ಲೊಂದರ ಬೇಸಿಗೆ ಮನೆ. ಸೆಪ್ಟೆಂಬರ್ ತಿಂಗಳ ನಡುವಿನ ಒಂದು ಸಂಜೆ. ಆರು ವರ್ಷದ ಜೇಮ್ಸ್‌ಗೆ ಮರುದಿನ ದೋಣಿಯಲ್ಲಿ ದೀಪಸ್ತಂಭಕ್ಕೆ ಹೋಗುವ ಆಸೆ. ಹವೆ ಚೆನ್ನಾಗಿದ್ದರೆ ಹೋಗೋಣ ಎನ್ನುತ್ತಾಳೆ ತಾಯಿ. ಚೆನ್ನಾಗಿರುವುದಿಲ್ಲ ಎನ್ನುತ್ತಾನೆ ತಂದೆ. ಅವಳು ಹೆಣೆಯುತ್ತಿರುವ ಕೆಂಗಂದು ಬಣ್ಣದ ಕಾಲುಚೀಲ ದೀಪಸ್ತಂಭ ಕಾಯುವವನ ಮಗನಿಗೆ. ಆ ಹುಡುಗನ ಸೊಂಟದ ಕೀಲಿಗೆ ಕ್ಷಯ ತಗುಲುವ ಭಯವಿದೆ. ನಾಳೆ ಹೊರಡುವುದಾದರೆ ಇವತ್ತು ರಾತ್ರಿಯೊಳಗೆ ಕಾಲುಚೀಲ ಮುಗಿಯಬೇಕು. ಮೊದಲ ಭಾಗದ ಉದ್ದಕ್ಕೂ ಇರುವ ಗಡುವು ಇದೊಂದೇ.

ಇಲ್ಲಿ ಕನ್ನಡದ ಓದುಗರಿಗೆ ಒಂದು ಸಣ್ಣ ತೊಡಕಿದೆ. ‘ಆಟಮ್’ ಎಂಬ ಅವರ ಋತುವನ್ನು ನಾವು ಶರತ್ಕಾಲ ಎನ್ನುತ್ತೇವೆ. ಪಂಚಾಂಗದ ಲೆಕ್ಕಕ್ಕೆ ಅದು ಹೆಚ್ಚುಕಮ್ಮಿ ಸರಿ. ಆದರೆ ಶರತ್ಕಾಲ ಎಂದೊಡನೆ ನಮಗೆ ನೆನಪಾಗುವುದು ಮಳೆ ತೊಳೆದು ಬಿಟ್ಟ ಆಕಾಶ, ನವರಾತ್ರಿಯ ಗೊಂಬೆಗಳು, ಹುಣ್ಣಿಮೆಯ ಬೆಳದಿಂಗಳು. ನಮಗೆ ಎಲೆ ಉದುರುವುದು ಶಿಶಿರದಲ್ಲಿ, ಅದರ ಬೆನ್ನಿಗೇ ಯುಗಾದಿಯ ಚಿಗುರೂ ಬರುತ್ತದೆ. ಆ ದ್ವೀಪದಲ್ಲಿ ಸೆಪ್ಟೆಂಬರ್ ಎಂದರೆ ಹಗಲು ದಿನದಿಂದ ದಿನಕ್ಕೆ ಮೊಟಕಾಗುವ ಕಾಲ. ರಜೆ ಮುಗಿದು ಅತಿಥಿಗಳು ಗಂಟುಮೂಟೆ ಕಟ್ಟುತ್ತಾರೆ. ಮುಂದಿರುವುದು ತಿಂಗಳುಗಟ್ಟಲೆ ಕತ್ತಲೆ, ಗಾಳಿ, ಚಳಿ. ಬಿರುಗಾಳಿ ಎದ್ದರೆ ಬಂಡೆಯ ಮೇಲಿನ ದೀಪಸ್ತಂಭಕ್ಕೆ ದೋಣಿ ಹೋಗಲಾರದು. ಹಾಗಾಗಿ ಆ ಕಾಲುಚೀಲವನ್ನು ಹೊತ್ತು ಕಳೆಯುವ ಹವ್ಯಾಸ ಎಂದು ಓದಿದರೆ ತಪ್ಪಾಗುತ್ತದೆ. ಅದು ಬರಲಿರುವ ಚಳಿಗಾಲಕ್ಕೆ ಮೊದಲು ಒಂದು ಮಗುವಿನ ಕಾಲನ್ನು ತಲುಪಬೇಕಾದ ಉಣ್ಣೆ.

ಕಾದಂಬರಿಯ ಐದನೆಯ ಅಧ್ಯಾಯದಲ್ಲಿ ಮಿಸೆಸ್ ರಾಮ್ಸೆ ಅರೆಬರೆ ಕಾಲುಚೀಲವನ್ನು ಜೇಮ್ಸ್‌ನ ಕಾಲಿಗೆ ಹಿಡಿದು ಅಳತೆ ನೋಡುತ್ತಾಳೆ. ತಾಯಿ ಬೇರೆ ಯಾವನೋ ಹುಡುಗನಿಗಾಗಿ ಹೆಣೆಯುತ್ತಿರುವುದು ಜೇಮ್ಸ್‌ಗೆ ಇಷ್ಟವಿಲ್ಲ. ಬೇಕೆಂದೇ ಅಲ್ಲಾಡುತ್ತಾನೆ. ಅವಳು ಗದರುತ್ತಾಳೆ. ಆ ನಡುವೆ ಅವಳ ಮನಸ್ಸು ಹರಕು ಕುರ್ಚಿಗಳತ್ತ, ಮುಚ್ಚದೆ ಬಿಟ್ಟ ಬಾಗಿಲುಗಳತ್ತ, ಊರಲ್ಲಿ ತಂದೆ ಸಾಯುತ್ತಿರುವ ಕೆಲಸದ ಹುಡುಗಿಯತ್ತ ಹರಿದು ಬರುತ್ತದೆ. ಮತ್ತೆ ಅಳತೆ ನೋಡಿದರೆ ಕಾಲುಚೀಲ ತೀರಾ ಗಿಡ್ಡ. ಕಾವಲುಗಾರನ ಮಗ ಜೇಮ್ಸ್‌ನಷ್ಟು ಚೆನ್ನಾಗಿ ಬೆಳೆದಿರಲಾರ ಎಂದು ಸ್ವಲ್ಪ ಬಿಟ್ಟು ಲೆಕ್ಕ ಹಾಕಿದರೂ ಗಿಡ್ಡವೇ.

ಹೆಣಿಗೆ ಕಲಿಯುವ ಮೊದಲು ಈ ಕೊನೆಯ ವಿವರ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ತನ್ನ ಮಗುವಿನ ಕಾಲಿನಿಂದ ಬೇರೊಬ್ಬರ ಮಗುವಿನ ಕಾಲನ್ನು ಊಹಿಸುವಾಗ ಅವಳ ಕೈ ಎರಡು ಬೆರಳು ಹಿಂದೆ ಸರಿಯುತ್ತದೆ. ಬಡವರ ಮಕ್ಕಳು ಅಷ್ಟು ಬೆಳೆಯುವುದಿಲ್ಲ ಎಂಬ ತಿಳಿವಳಿಕೆ ಆ ಎರಡು ಬೆರಳುಗಳಲ್ಲಿದೆ. ವರ್ಗದ ಬಗ್ಗೆ ಅಧ್ಯಾಯವೊಂದನ್ನೇ ಬರೆಯಬಹುದಾಗಿದ್ದ ಕಡೆ ವುಲ್ಫ್ ಒಂದು ಅಳತೆಯಲ್ಲಿ ಹೇಳಿ ಮುಂದೆ ಹೋಗುತ್ತಾಳೆ. ಮಿಸೆಸ್ ರಾಮ್ಸೆಗೂ ಅದು ವಿಚಾರವಲ್ಲ, ಬರೀ ಲೆಕ್ಕ. ಅವಳ ಕರುಣೆ ಎಷ್ಟು ನಿಜವೋ ಆ ಲೆಕ್ಕದ ನಿರುದ್ವೇಗವೂ ಅಷ್ಟೇ ನಿಜ.

ಈ ಅಧ್ಯಾಯವನ್ನು ಜಗತ್ಪ್ರಸಿದ್ಧಗೊಳಿಸಿದವನು ಎರಿಕ್ ಔರ್‌ಬಾಕ್. ನಾಜಿಗಳಿಂದಾಗಿ ಜರ್ಮನಿಯ ಪ್ರಾಧ್ಯಾಪಕ ಹುದ್ದೆ ಕಳೆದುಕೊಂಡ ಯಹೂದಿ ವಿದ್ವಾಂಸ ಆತ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ ಇಸ್ತಾನ್‌ಬುಲ್‌ನಲ್ಲಿ ಕೂತು ‘ಮಿಮೆಸಿಸ್’ ಬರೆದ; ಅದು 1946ರಲ್ಲಿ ಪ್ರಕಟವಾಯಿತು. ಹೋಮರನಿಂದ ಶುರುವಾಗುವ ಆ ಬೃಹತ್ ಗ್ರಂಥ ಮುಗಿಯುವುದು ಈ ಕಾಲುಚೀಲದಲ್ಲಿ. ಕೊನೆಯ ಅಧ್ಯಾಯದ ಹೆಸರೇ ಅದು. ಹೊರಗಿನ ಘಟನೆ ಇಲ್ಲಿ ತನ್ನ ಯಜಮಾನಿಕೆ ಕಳೆದುಕೊಂಡಿದೆ, ಒಳಗಿನ ಆಲೋಚನೆಗಳನ್ನು ಹೊರಡಿಸುವ ನೆಪವಾಗಿ ಮಾತ್ರ ಅದು ಉಳಿದಿದೆ ಎಂಬುದು ಆತನ ವಾದದ ತಿರುಳು. ಹಾಗೆಯೇ, ಇಂಥ ಯಾವುದೋ ಒಂದು ಸಾಮಾನ್ಯ ಕ್ಷಣದಲ್ಲೇ ಎಲ್ಲ ಮನುಷ್ಯರಿಗೂ ಸಮಾನವಾದುದು ಕಾಣಿಸುತ್ತದೆ ಎಂದೂ ಆತ ನಂಬಿದ್ದ. ಯುರೋಪು ಹೊತ್ತಿ ಉರಿಯುತ್ತಿದ್ದಾಗ ದೇಶ ಬಿಟ್ಟವನೊಬ್ಬ ಬರೆದ ಮಾತು ಎಂದು ನೆನೆದರೆ ಇಂದಿಗೂ ಮನಸ್ಸು ಮೆತ್ತಗಾಗುತ್ತದೆ.

ಆದರೆ ‘ನೆಪ’ ಎಂಬ ಮಾತಿಗೆ ನನ್ನ ತಕರಾರಿದೆ. ಕಾಲುಚೀಲದ ಜಾಗದಲ್ಲಿ ಬೇರೆ ಯಾವ ಕೆಲಸವನ್ನಿಟ್ಟರೂ ಆ ವಾಕ್ಯಗಳು ಹಾಗೇ ಹುಟ್ಟುತ್ತಿದ್ದವೇ? ಕಡ್ಡಿ ಹಿಡಿದವರಿಗೆ ಗೊತ್ತು: ಮೇಲಿನಿಂದ ಹೆಣೆಯುತ್ತ ಬರುವ ಕಾಲುಚೀಲದಲ್ಲಿ ಕಾಲಿನ ಭಾಗ ಬರೀ ಸುತ್ತುಗಳು. ಅದಕ್ಕೆ ಕಣ್ಣು ಬೇಡ, ಎಣಿಕೆ ಬೇಡ, ಬೆರಳೇ ನೋಡಿಕೊಳ್ಳುತ್ತದೆ. ಹಿಮ್ಮಡಿ ತಿರುಗಿಸುವ ಜಾಗ ಬಂದಾಗ ಮಾತ್ರ ಒಂದೊಂದು ಕುಣಿಕೆಯನ್ನೂ ಲೆಕ್ಕವಿಡಬೇಕು. ಆಗ ಯಾರಾದರೂ ಮಾತಾಡಿಸಿದರೆ ಸಿಟ್ಟು ಬರುತ್ತದೆ. ಮಿಸೆಸ್ ರಾಮ್ಸೆಯ ಮನಸ್ಸು ಅಷ್ಟು ದೂರ ಅಲೆದು ಮತ್ತೆ ತಪ್ಪದೆ ಕಾಲುಚೀಲಕ್ಕೆ ಮರಳುವ ಆ ಲಯ, ಸುತ್ತು ಹೆಣೆಯುವವರ ಮನಸ್ಸಿನ ಲಯ. ದಾರ ಎಳೆದಷ್ಟೂ ಬರುತ್ತದೆ, ಆದರೆ ಪ್ರತಿ ಸುತ್ತೂ ಶುರುವಾದ ಕಡೆಗೇ ಬಂದು ಸೇರುತ್ತದೆ. ವುಲ್ಫ್‌ಗೂ ಹೆಣಿಗೆ ಗೊತ್ತಿತ್ತು. ಅಕ್ಕ ವನೆಸಾ ಬೆಲ್ 1912ರಲ್ಲಿ ಬರೆದ ಚಿತ್ರದಲ್ಲಿ ಅವಳು ಕುರ್ಚಿಯಲ್ಲಿ ಒರಗಿ ಹೆಣಿಗೆ ಹಿಡಿದು ಕೂತಿದ್ದಾಳೆ. ಮುಖದ ಗೆರೆಗಳು ಅಳಿಸಿದಂತಿವೆ. ನೋಡುವವರಿಗೆ ಮುಖ ಕೊಡದೆ ಕೈಗೆಲಸದೊಳಗೆ ಹೊಕ್ಕವಳಂತೆ ಕಾಣುತ್ತಾಳೆ.

ಸಂಸಾರ ಮತ್ತು ಹೆಣಿಗೆ ಎರಡನ್ನೂ ಸರಿದೂಗಿಸುವುದು ಹೇಗೆ ಎಂದು ನನ್ನನ್ನು ಕೇಳುವವರಿದ್ದಾರೆ. ಸರಿದೂಗಿಸುವುದು ಎಂಬ ಪದವೇ ಇಲ್ಲಿ ಒಗ್ಗುವುದಿಲ್ಲ. ತಕ್ಕಡಿಯಲ್ಲಿ ಎರಡು ತಟ್ಟೆಗಳಿರುತ್ತವೆ. ಹೆಣಿಗೆ ಇರುವುದು ಸಂಸಾರದ ತಟ್ಟೆಯೊಳಗೇ. ಮಗು ಅತ್ತರೆ ಕೆಳಗಿಡಬಹುದು, ಹಾಲು ಉಕ್ಕಿದರೆ ಎದ್ದು ಓಡಬಹುದು, ಬಂದು ಮತ್ತೆ ಎತ್ತಿಕೊಳ್ಳಬಹುದು. ಹೆಂಗಸರ ಪಾಲಿಗೆ ಇಂಥ ಕೆಲಸಗಳೇ ಏಕೆ ಬಂದವು ಎಂಬುದಕ್ಕೆ ಮಾನವಶಾಸ್ತ್ರಜ್ಞೆ ಜೂಡಿತ್ ಬ್ರೌನ್ 1970ರಲ್ಲಿ ಒಂದು ಸಣ್ಣ ಲೇಖನದಲ್ಲಿ ಕಾರಣ ಕೊಟ್ಟಳು: ಮಗುವನ್ನು ನೋಡಿಕೊಳ್ಳುತ್ತ ಮಾಡುವಂಥವು, ನಡುವೆ ನಿಲ್ಲಿಸಿದರೂ ಕೆಡದಂಥವು, ಮಗುವಿಗೆ ಅಪಾಯವಿಲ್ಲದಂಥವು. ಎಲಿಜಬೆತ್ ಬಾರ್ಬರ್ ನೂಲು ಬಟ್ಟೆಗಳ ಪ್ರಾಚೀನ ಇತಿಹಾಸವನ್ನು ಬರೆದಾಗ (1994) ಆಧಾರವಾಗಿ ಹಿಡಿದದ್ದು ಇದೇ ಮಾತನ್ನು. ನಮ್ಮ ಕಂಬಳಿಯ ಕಥೆಯಲ್ಲೂ ಇದರ ಗುರುತಿದೆ. ಕುರುಬರ ಮನೆಗಳಲ್ಲಿ ಉಣ್ಣೆ ನೂಲುವುದು ಹೆಚ್ಚಾಗಿ ಹೆಂಗಸರು, ಮಗ್ಗದ ಮುಂದೆ ಕೂರುವುದು ಗಂಡಸರು. ರಾಟೆಯನ್ನು ಬಿಟ್ಟೇಳುವಷ್ಟು ಸುಲಭವಾಗಿ ಮಗ್ಗವನ್ನು ಬಿಟ್ಟೇಳಲಾಗದು.

ಎರಡು ವರ್ಷದ ನಂತರ, 1929ರಲ್ಲಿ, ವುಲ್ಫ್ ‘ಎ ರೂಮ್ ಆಫ್ ಒನ್ಸ್ ಓನ್’ನಲ್ಲಿ ಇದೇ ಎಳೆಯನ್ನು ಬೇರೆ ತುದಿಯಿಂದ ಹಿಡಿಯುತ್ತಾಳೆ. ಜೇನ್ ಆಸ್ಟಿನ್ ಎಲ್ಲರೂ ಓಡಾಡುವ ಹಜಾರದಲ್ಲೇ ಕೂತು ಬರೆದಳು. ಹೆಣ್ಣಿನ ಬರಹ ಅಡಚಣೆಗಳ ನಡುವೆಯೇ ನಡೆಯಬೇಕಾಯಿತು. ಅದಕ್ಕೆ ಚಿಲಕ ಹಾಕಿಕೊಳ್ಳುವ ಕೋಣೆ ಬೇಕು, ವರ್ಷಕ್ಕೆ ಐನೂರು ಪೌಂಡು ಬೇಕು ಎಂಬುದು ಅವಳ ವಾದ. ಈ ಮಾತನ್ನು ಇಟ್ಟುಕೊಂಡು ನೋಡಿದರೆ ಕಾದಂಬರಿಯಲ್ಲಿ ಇಬ್ಬರು ಹೆಂಗಸರು ಎದುರುಬದುರು ನಿಂತಿರುವುದು ಕಾಣುತ್ತದೆ. ಒಬ್ಬಳು ಕಿಟಕಿಯಲ್ಲಿ ಹೆಣೆಯುವ ಮಿಸೆಸ್ ರಾಮ್ಸೆ. ಇನ್ನೊಬ್ಬಳು ಹುಲ್ಲುಹಾಸಿನ ಮೇಲೆ ಅವಳದೇ ಚಿತ್ರ ಬರೆಯುತ್ತಿರುವ, ಮದುವೆಯಾಗದ ಲಿಲಿ ಬ್ರಿಸ್ಕೋ. ರಾಮ್ಸೆ ಕವಿತೆ ಕೂಗುತ್ತ ನುಗ್ಗಿದರೆ, ಯಾರಾದರೂ ಹಿಂದೆ ನಿಂತು ಇಣುಕಿದರೆ ಸಾಕು, ಲಿಲಿಯ ಕುಂಚ ನಿಂತುಹೋಗುತ್ತದೆ. ಮಿಸೆಸ್ ರಾಮ್ಸೆಯ ಕಡ್ಡಿ ಮಾತ್ರ ನಿಲ್ಲುವುದಿಲ್ಲ. ಗಂಡ ಬಂದು ತಾನು ಸೋತವನೆಂದು ಸಮಾಧಾನ ಬೇಡುವಾಗಲೂ ಅವಳು ಕಡ್ಡಿಗಳನ್ನು ಮಿಂಚಿಸುತ್ತಲೇ ಅವನನ್ನು ಎತ್ತಿ ನಿಲ್ಲಿಸುತ್ತಾಳೆ. ಅವನು ಹೋದ ಮೇಲೆ ಅವಳಲ್ಲಿ ಏನೂ ಉಳಿದಿರುವುದಿಲ್ಲ.

ಈ ಸಾಲುಗಳನ್ನು ನೋಡಿಯೇ ನಾನು ಅಂದು ಸಂಕೋಲೆ ಎಂದದ್ದು. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಹನ್ನೊಂದನೆಯ ಅಧ್ಯಾಯವನ್ನು ನಾನು ಅವಸರದಲ್ಲಿ ದಾಟಿಬಿಟ್ಟಿದ್ದೆ. ಜೇಮ್ಸ್ ಮಲಗಲು ಹೋಗಿದ್ದಾನೆ. ಇನ್ನು ಯಾರಿಗೂ ಏನೂ ಆಗಿರಬೇಕಿಲ್ಲ. ಅವಳು ಹೆಣಿಗೆ ಎತ್ತಿಕೊಳ್ಳುತ್ತಾಳೆ. ಹೊರಗಿನ ಓಡಾಟ, ಮಾತು, ತಾಯಿತನ ಎಲ್ಲ ಕಳಚಿ ಬಿದ್ದು ಒಳಗೆ ಉಳಿಯುವುದು ಬೇರೆಯವರ ಕಣ್ಣಿಗೆ ಕಾಣದ ಒಂದು ಕತ್ತಲೆಯ ತುಣುಕು. ಅದು ಎಲ್ಲಿ ಬೇಕಾದರೂ ಹೋಗಬಹುದು, ತಡೆಯುವವರಿಲ್ಲ. ದೀಪಸ್ತಂಭದ ಬೆಳಕು ಸುತ್ತಿ ಬರುವಾಗ ಅದರ ಮೂರನೆಯ ನೀಳ ಬೀಸು ತಾನೇ ಎಂದು ಅವಳಿಗನ್ನಿಸುತ್ತದೆ. ಕಾದಂಬರಿಯಲ್ಲಿ ಅವಳು ಯಾರ ಹೆಂಡತಿಯೂ ಯಾರ ತಾಯಿಯೂ ಅಲ್ಲದೆ ಇರುವ ಅಪರೂಪದ ಪುಟಗಳಿವು. ಕೈಯಲ್ಲಿ ಕಾಲುಚೀಲವಿರುವುದರಿಂದಲೇ ಅದು ಸಾಧ್ಯವಾಗುತ್ತದೆ. ಬರಿಗೈಯಲ್ಲಿ ಕೂತ ಹೆಂಗಸನ್ನು ಮನೆಯವರು ಕರೆಯದೆ ಬಿಡುವುದಿಲ್ಲ; ಕೈಯಲ್ಲಿ ಕೆಲಸವಿದ್ದರೆ ಅವಳು ಕೂತಿರಬಹುದು. ಆ ಹೊತ್ತಿಗೆ ಪಕ್ಕದಲ್ಲೇ ಹಾಯುವ ಗಂಡನೂ ಅವಳನ್ನು ಮಾತಾಡಿಸದೆ ಮುಂದೆ ಹೋಗುತ್ತಾನೆ. ಚಿಲಕವಿಲ್ಲದ ಕೋಣೆಯೊಂದನ್ನು ಅವಳು ಹೆಣೆದುಕೊಂಡಿದ್ದಾಳೆ. ಆದರೆ ಚಿಲಕ ಇಲ್ಲ ಎಂಬುದನ್ನೂ ಮರೆಯಬಾರದು: ಸ್ವಲ್ಪ ಹೊತ್ತಿಗೆ ತಾನಾಗಿಯೇ ಶಾಲು ಎತ್ತಿಕೊಂಡು ಅವನ ಬಳಿಗೆ ಹೋಗುವವಳೂ ಅವಳೇ.

ಕನ್ನಡದಲ್ಲಿ ನಾವು ಜಡೆ ಹೆಣೆಯುತ್ತೇವೆ, ಬುಟ್ಟಿ ಹೆಣೆಯುತ್ತೇವೆ, ಕಥೆ ಹೆಣೆಯುತ್ತೇವೆ. ಬಲೆಯನ್ನೂ ತಂತ್ರವನ್ನೂ ಹೆಣೆಯುತ್ತೇವೆ. ಮಿಸೆಸ್ ರಾಮ್ಸೆಗೆ ಈ ಎಲ್ಲ ಅರ್ಥಗಳೂ ಸಲ್ಲುತ್ತವೆ. ಅವಳಿಗೆ ಎಲ್ಲರೂ ಮದುವೆಯಾಗಬೇಕು. ಮಿಂಟಾ ಮತ್ತು ಪಾಲ್‌ರನ್ನು ಅವಳೇ ಜೋಡಿಸುತ್ತಾಳೆ. ಆ ಮದುವೆ ಚೆನ್ನಾಗಿ ನಡೆಯಲಿಲ್ಲ ಎಂದು ಕೊನೆಯ ಭಾಗದಲ್ಲಿ ತಿಳಿಯುತ್ತದೆ. ಲಿಲಿಯನ್ನೂ ಒಂದು ಕುಣಿಕೆಗೆ ಹಾಕಲು ನೋಡುತ್ತಾಳೆ, ಲಿಲಿ ಜಾರಿಕೊಳ್ಳುತ್ತಾಳೆ. ಸಾಹಿತ್ಯದಲ್ಲಿ ಹೆಣೆಯುವವರೆಲ್ಲ ಅಮಾಯಕರಲ್ಲ. ಡಿಕನ್ಸ್‌ನ ‘ಎ ಟೇಲ್ ಆಫ್ ಟೂ ಸಿಟೀಸ್’ನಲ್ಲಿ (1859) ಮದಾಂ ದಿಫಾರ್ಜ್ ಸಾಯಬೇಕಾದವರ ಹೆಸರುಗಳನ್ನು ಹೆಣಿಗೆಯಲ್ಲೇ ದಾಖಲಿಸುತ್ತಾಳೆ. ಇದಕ್ಕೆ ತೀರಾ ಎದುರಾದ ಚಿತ್ರ ಟಾಲ್‌ಸ್ಟಾಯ್‌ನದು. ‘ಯುದ್ಧ ಮತ್ತು ಶಾಂತಿ’ಯ ಉಪಸಂಹಾರದಲ್ಲಿ ಮುದುಕಿ ದಾದಿಯೊಬ್ಬಳು ಒಂದೇ ಜೊತೆ ಕಡ್ಡಿಗಳಲ್ಲಿ ಎರಡು ಕಾಲುಚೀಲಗಳನ್ನು ಒಟ್ಟಿಗೆ ಹೆಣೆದು, ಮುಗಿದ ದಿನ ಮಕ್ಕಳ ಮುಂದೆ ಒಂದರೊಳಗಿಂದ ಇನ್ನೊಂದನ್ನು ಎಳೆದು ತೋರಿಸುತ್ತಾಳೆ. ಮನೆಯೆಲ್ಲ ಸಂಭ್ರಮ. ಟಾಲ್‌ಸ್ಟಾಯ್‌ನ ಸಂಸಾರದಲ್ಲಿ ಕಾಲುಚೀಲ ಮುಗಿಯುತ್ತದೆ. ವುಲ್ಫ್‌ಳಲ್ಲಿ ಮುಗಿಯುವುದಿಲ್ಲ.

ಮುಗಿಯದೆ ಹೋದ ಕೆಲಸ ಆ ಮನೆಯಲ್ಲಿ ಇನ್ನೊಂದಿದೆ. ರಾಮ್ಸೆ ತತ್ವಶಾಸ್ತ್ರಜ್ಞ. ಮನುಷ್ಯನ ಚಿಂತನೆಯನ್ನು ವರ್ಣಮಾಲೆಯಂತೆ ಸಾಲಾಗಿ ಇಟ್ಟರೆ ತಾನು ‘ಕ್ಯೂ’ ತನಕ ಬಂದಿದ್ದೇನೆ, ‘ಆರ್’ ಮುಟ್ಟಲಾರೆ ಎಂದು ಕೊರಗುತ್ತಾನೆ. ಹಿಮದಲ್ಲಿ ಸಿಕ್ಕಿಕೊಂಡ ದಂಡಯಾತ್ರೆಯ ನಾಯಕನಂತೆ ತನ್ನನ್ನು ಕಲ್ಪಿಸಿಕೊಳ್ಳುತ್ತಾನೆ. ಅವನ ಅಪೂರ್ಣತೆಯನ್ನು ಇಡೀ ಮನೆ ಹೊರಬೇಕು. ರಾತ್ರಿ ಊಟವಾದ ಮೇಲೆ ಗಂಡಹೆಂಡತಿ ಇಬ್ಬರೇ ಕೂತಿರುವಾಗ ಅವನೇ ಹೇಳುತ್ತಾನೆ, ಆ ಕಾಲುಚೀಲ ಇವತ್ತು ಮುಗಿಯುವುದಿಲ್ಲ ಎಂದು. ಅವಳು ಅದನ್ನು ಮೊಣಕಾಲ ಮೇಲೆ ಹರವಿ ನೋಡಿ ಹೌದೆನ್ನುತ್ತಾಳೆ. ಅಷ್ಟೇ. ಅವಳ ಅಪೂರ್ಣತೆಗೆ ಸಿಕ್ಕಿದ್ದು ಒಂದು ಸಣ್ಣ ಮಾತು. ಆಮೇಲೆ ಕಾಲುಚೀಲ ಕೈಯಲ್ಲಿ ಹಿಡಿದೇ ಕಿಟಕಿಯ ಬಳಿ ನಿಲ್ಲುತ್ತಾಳೆ. ಪ್ರೀತಿಸುತ್ತೇನೆ ಎಂಬ ಮಾತು ಅವನಿಗೆ ಅವಳ ಬಾಯಿಂದ ಬೇಕು. ಅವಳು ಅದನ್ನು ಹೇಳುವುದಿಲ್ಲ. ನಾಳೆ ಮಳೆ, ನೀವು ಹೇಳಿದ್ದೇ ಸರಿ ಎಂದಷ್ಟೇ ಹೇಳಿ ನಗುತ್ತಾಳೆ. ಅವನಿಗೆ ಅರ್ಥವಾಗುತ್ತದೆ.

ಮುಂದಿನ ಭಾಗದಲ್ಲಿ ಹತ್ತು ವರ್ಷ ಕೆಲವೇ ಪುಟಗಳಲ್ಲಿ ಕಳೆದುಹೋಗುತ್ತದೆ. ಮಿಸೆಸ್ ರಾಮ್ಸೆಯ ಸಾವು ಆವರಣ ಚಿಹ್ನೆಯೊಳಗಿನ ಒಂದು ವಾಕ್ಯ. ಮಗಳು ಪ್ರೂ ಹೆರಿಗೆಗೆ ಸಂಬಂಧಿಸಿದ ಕಾಯಿಲೆಯಿಂದ, ಮಗ ಆಂಡ್ರೂ ಯುದ್ಧದಲ್ಲಿ ಸಿಡಿಗುಂಡಿಗೆ ಸಿಕ್ಕಿ ಸಾಯುತ್ತಾರೆ. ಆ ಯುದ್ಧಕಾಲದಲ್ಲಿ ಬ್ರಿಟನ್ನಿನ ಮನೆಮನೆಗಳಲ್ಲಿ ಹೆಂಗಸರು ಸೈನಿಕರಿಗಾಗಿ ಕಾಲುಚೀಲ ಹೆಣೆದರು. ಕಾದಂಬರಿ ಅದನ್ನು ಹೇಳುವುದಿಲ್ಲ, ಆದರೆ 1927ರ ಓದುಗರಿಗೆ ಅದು ತೀರಾ ಹಳೆಯ ನೆನಪಾಗಿರಲಿಲ್ಲ.

ಮೂರನೆಯ ಭಾಗ ಮತ್ತೆ ಸೆಪ್ಟೆಂಬರ್, ಮತ್ತೆ ಅದೇ ಮನೆ. ಹದಿನಾರರ ಜೇಮ್ಸ್, ಅಕ್ಕ ಕ್ಯಾಮ್ ಇಬ್ಬರನ್ನೂ ಕರೆದುಕೊಂಡು ರಾಮ್ಸೆ ಕೊನೆಗೂ ದೀಪಸ್ತಂಭಕ್ಕೆ ಹೊರಡಬೇಕು. ಬೆಳಗಿನ ಗಡಿಬಿಡಿಯಲ್ಲಿ ಮಗಳು ನ್ಯಾನ್ಸಿ ಅರ್ಧ ದಿಗಿಲಿನಲ್ಲಿ ಕೇಳುತ್ತಾಳೆ: ದೀಪಸ್ತಂಭಕ್ಕೆ ಏನು ಕಳಿಸಬೇಕು? ಯಾರಿಗೂ ಗೊತ್ತಿಲ್ಲ. ತಾಯಿಗೆ ಗೊತ್ತಿತ್ತು: ಹಳೆಯ ಪತ್ರಿಕೆಗಳು, ಹೊಗೆಸೊಪ್ಪು, ಆ ಹುಡುಗನ ಅಳತೆಯ ಕಾಲುಚೀಲ. ಅವಳ ತಿಳಿವಳಿಕೆ ಯಾವ ಪುಸ್ತಕದಲ್ಲೂ ಇರಲಿಲ್ಲ, ಅವಳ ಕೈಯಲ್ಲಿತ್ತು. ಅವಳ ಜೊತೆಯಲ್ಲೇ ಹೋಯಿತು. ಕಾದಂಬರಿಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಆವರಣದೊಳಗಿನ ಆ ಸಾವಿಗಿಂತ ಈ ಪ್ರಶ್ನೆ. ಸಾವಿನ ಸುದ್ದಿಯಿಂದ ತಿಳಿಯದ ನಷ್ಟ ಇಲ್ಲಿ ತಿಳಿಯುತ್ತದೆ.

ಕೊನೆಯ ಪುಟಗಳಲ್ಲಿ ಲಿಲಿ ಹತ್ತು ವರ್ಷ ಹಿಂದೆ ಬಿಟ್ಟ ಚಿತ್ರವನ್ನು ಮತ್ತೆ ಹಿಡಿಯುತ್ತಾಳೆ. ಸತ್ತ ಮಿಸೆಸ್ ರಾಮ್ಸೆ ಅವಳ ಕಣ್ಣಿಗೆ ಕಾಣುತ್ತಾಳೆ. ಹೇಗೆ? ದೊಡ್ಡ ಮಾತಾಡುತ್ತ ಅಲ್ಲ, ಊಟ ಬಡಿಸುತ್ತ ಅಲ್ಲ. ಕುರ್ಚಿಯಲ್ಲಿ ಕೂತು ಕಡ್ಡಿ ಆಡಿಸುತ್ತ, ಅದೇ ಕೆಂಗಂದು ಕಾಲುಚೀಲ ಹೆಣೆಯುತ್ತ, ಮೆಟ್ಟಿಲ ಮೇಲೆ ನೆರಳು ಚೆಲ್ಲುತ್ತ. ಕಾಲುಚೀಲ ಇನ್ನೂ ಮುಗಿದಿಲ್ಲ. ಚಿತ್ರ ಮುಗಿಯುತ್ತದೆ. ಅದರಿಂದ ಲಿಲಿ ಗೆದ್ದಳು, ಮಿಸೆಸ್ ರಾಮ್ಸೆ ಸೋತಳು ಎಂದು ಬರೆಯಲು ಈಗ ನನಗೆ ಕೈ ಬರುವುದಿಲ್ಲ. ವುಲ್ಫ್ ತನ್ನ ಹದಿಮೂರನೆಯ ವಯಸ್ಸಿನಲ್ಲಿ, 1895ರಲ್ಲಿ, ತಾಯಿ ಜೂಲಿಯಾಳನ್ನು ಕಳೆದುಕೊಂಡವಳು. ಆ ತಾಯಿಯಂತೆ ಬದುಕಲು ಅವಳಿಗೆ ಇಷ್ಟವಿರಲಿಲ್ಲ. ತನ್ನೊಳಗಿನ ‘ಮನೆಯ ದೇವತೆ’ಯನ್ನು ಕೊಂದರೇ ತಾನು ಬರೆಯಬಲ್ಲೆ ಎಂದು 1931ರ ಭಾಷಣದಲ್ಲಿ ಹೇಳಿದವಳು ಅವಳು. ಆದರೂ ತಾಯಿಯನ್ನು ನೆನೆಯಲು ಕೂತಾಗ ಅವಳ ಕೈಗೆ ಕಾಲುಚೀಲ ಕೊಟ್ಟು ಅದನ್ನು ಕೊನೆಯ ಪುಟಗಳ ತನಕ ಬಿಡಿಸಲಿಲ್ಲ. ಅಡಚಣೆಯಿಲ್ಲದೆ ಬರೆದ ಮಗಳು, ಅಡಚಣೆಗಳ ನಡುವೆ ಹೆಣೆದ ತಾಯಿಗೆ ಸಲ್ಲಿಸಿದ ಲೆಕ್ಕ ಅದು.

ಅಮ್ಮನಿಗೆ ಈಗ ಕಣ್ಣು ಅಷ್ಟು ಸೂಕ್ಷ್ಮವಿಲ್ಲ. ಕಪ್ಪು, ನೀಲಿ ಉಲ್ಲನ್ ಹೆಣೆಯುವುದು ಬಿಟ್ಟಿದ್ದಾಳೆ. ಅಕ್ಟೋಬರ್ ಬಂದರೆ ನಾನು ಮಗಳ ಸ್ವೆಟರಿಗೆ ಕೈ ಹಾಕುತ್ತೇನೆ. ಉತ್ತರಪತ್ರಿಕೆ ತಿದ್ದುವುದು, ಅಡುಗೆ, ಮಗಳ ಹೋಂವರ್ಕ್ ಇವುಗಳ ನಡುವೆ ಅದು ಮುಗಿಯುವ ಹೊತ್ತಿಗೆ ಚಳಿಯೇ ಮುಗಿದಿರುತ್ತದೆ, ಮಗಳೂ ಒಂದಂಗುಲ ಬೆಳೆದಿರುತ್ತಾಳೆ. ಮೊನ್ನೆ ಅವಳ ಬೆನ್ನಿಗೆ ಹಿಡಿದು ಅಳತೆ ನೋಡುವಾಗ ಒಂದೇ ಸಮನೆ ಕುಣಿಯುತ್ತಿದ್ದಳು. ಫೋನಿನಲ್ಲಿ ಅಮ್ಮ ಇದ್ದಳು. ತಟಕ್ಕನೆ ನೆನಪಾಗಿ, ಆ ಹಳೆಯ ಪ್ರಶ್ನೆಗೆ ಈಗ ಉತ್ತರ ಹೇಳಿದೆ: “ಹೌದಮ್ಮ, ಆ ಹುಡುಗ ನೆಟ್ಟಗೆ ನಿಲ್ಲಲಿಲ್ಲ. ಬೇಕೂಂತಲೇ ಅಲ್ಲಾಡಿದ. ಅಮ್ಮ ಬೇರೆಯವರ ಮಗೂಗೆ ಹೆಣೀತಿದ್ದಾಳೆ ಅಂತ ಅವನಿಗೆ ಹೊಟ್ಟೆಕಿಚ್ಚು.”

“ನೋಡು ಮತ್ತೆ,” ಅಂದಳು ಅಮ್ಮ, “ಅದನ್ನ ಬಿಟ್ಟು ಬೇರೆ ಏನೇನೋ ಬರೆದಿದ್ದೆ.”